ಮುರಿದುದನ್ನು ಕೂಡಿಸುವ ಶಿಸ್ತು



ಶಾಲೆಯಲ್ಲಿ ಒಂದು ಮಗು ತಪ್ಪು ಮಾಡಿದಾಗ ನಾವು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತೇವೆ. ಯಾರು ಮಾಡಿದ್ದು? ಯಾವ ನಿಯಮ ಮುರಿದದ್ದು? ಅದಕ್ಕೆ ಶಿಕ್ಷೆ ಏನು? ಈ ಮೂರಕ್ಕೂ ಉತ್ತರ ಸಿಕ್ಕಿತೆಂದರೆ ವಿಷಯ ಮುಗಿಯಿತು. ಹುಡುಗನ ಅಂಗೈ ಕೆಂಪಾಗುತ್ತದೆ, ಅಥವಾ ಅವನು ಒಂದು ವಾರ ಮನೆಯಲ್ಲಿ ಕೂರುತ್ತಾನೆ, ಅಥವಾ ಅವನ ತಂದೆಯ ಕೈಗೆ ಟಿ.ಸಿ. ಬರುತ್ತದೆ. ಶಾಲೆಯ ಗಂಟೆ ಎಂದಿನಂತೆ ಬಾರಿಸುತ್ತದೆ.

ಆದರೆ ಯಾರ ಮನಸ್ಸು ನೊಂದಿತೋ, ಯಾರ ವಸ್ತು ಕಳೆದುಹೋಯಿತೋ, ಯಾರ ಮುಖಕ್ಕೆ ಏಟು ಬಿತ್ತೋ ಆ ಮಗುವಿಗೆ ಇದರಿಂದ ಸಿಕ್ಕಿದ್ದೇನು? ಅದರ ಬಳಿ ಬಂದು, ನಿನಗೆ ಏನಾಯಿತು, ಈಗ ನಿನಗೆ ಏನು ಬೇಕು ಎಂದು ಕೇಳಿದವರು ಯಾರು? ತಪ್ಪು ಮಾಡಿದವನಿಗೆ ತಾನು ಮಾಡಿದ್ದನ್ನು ಸರಿಪಡಿಸುವ ದಾರಿಯನ್ನು ತೋರಿಸಿದವರು ಯಾರು? ಈ ಪ್ರಶ್ನೆಗಳನ್ನು ಕೇಳದ ಶಿಸ್ತು ಅರ್ಧ ಶಿಸ್ತು. ಉಳಿದರ್ಧದ ಬಗ್ಗೆ ಈ ಸಂಚಿಕೆಯಲ್ಲಿ ಯೋಚಿಸೋಣ.

ನಮ್ಮ ಬಡಾವಣೆಗಳಲ್ಲಿ

ಬೆಂಗಳೂರಿನ ಪಶ್ಚಿಮ ಭಾಗವನ್ನು ನೋಡಿರಿ. ರಾಜಾಜಿನಗರದಿಂದ ಬಸವೇಶ್ವರನಗರ, ವಿಜಯನಗರ, ನಾಗರಬಾವಿಯನ್ನು ದಾಟಿ ಕೆಂಗೇರಿಯವರೆಗೆ ಬೀದಿಗೊಂದು ಶಾಲೆ. ಮೈಸೂರು ರಸ್ತೆಯ ಆಚೀಚೆ ಪಾದರಾಯನಪುರ, ಗೋರಿಪಾಳ್ಯಗಳ ಎಷ್ಟೋ ಮನೆಗಳಲ್ಲಿ ತಂದೆ ಆಟೋ ಓಡಿಸಿ, ತಾಯಿ ಹೊಲಿಗೆ ಹಾಕಿ ಮಗನ ಫೀಸು ಕಟ್ಟುತ್ತಾರೆ. ಆ ಮಗ ಶಾಲೆಯಿಂದ ಹೊರಬಿದ್ದರೆ ಎಲ್ಲಿಗೆ ಹೋಗುತ್ತಾನೆಂಬುದು ನಿಮಗೆ ತಿಳಿಯದ ವಿಷಯವಲ್ಲ. ಹೆಚ್ಚೆಂದರೆ ಒಂದು ಗ್ಯಾರೇಜು, ಒಂದು ವೆಲ್ಡಿಂಗ್ ಅಂಗಡಿ. ದುಡಿಮೆ ಕೀಳಲ್ಲ. ಆದರೆ ಹದಿನಾಲ್ಕರ ಹುಡುಗನೊಬ್ಬ ಕೋಪದ ಒಂದು ಗಳಿಗೆಯ ಬೆಲೆಯಾಗಿ ಇಡೀ ವಿದ್ಯಾಭ್ಯಾಸವನ್ನೇ ತೆರುವುದು ನ್ಯಾಯವೇ?

2022ರ ನವೆಂಬರ್‌ನಲ್ಲಿ ಬೆಂಗಳೂರಿನ ಶಾಲೆಗಳಲ್ಲಿ ಒಂದು ಘಟನೆ ನಡೆಯಿತು. ಮಕ್ಕಳು ಮೊಬೈಲ್ ತರುತ್ತಿದ್ದಾರೆಂಬ ದೂರಿನ ಮೇಲೆ ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳ ಸಂಘವು ಬ್ಯಾಗುಗಳನ್ನು ಪರೀಕ್ಷಿಸುವಂತೆ ಶಾಲೆಗಳಿಗೆ ಸೂಚಿಸಿತು. ಎಂಟು, ಒಂಭತ್ತು, ಹತ್ತನೇ ತರಗತಿಯ ಮಕ್ಕಳ ಬ್ಯಾಗುಗಳಲ್ಲಿ ಮೊಬೈಲ್ ಮಾತ್ರವಲ್ಲ, ಸಿಗರೇಟು, ಲೈಟರು, ವೈಟ್ನರು ಮತ್ತು ಮನೆಮಂದಿಯ ಮುಂದೆ ಹೆಸರಿಸಲು ಸಂಕೋಚವಾಗುವ ವಸ್ತುಗಳೂ ಸಿಕ್ಕಿದವು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಹೆತ್ತವರು ತಲ್ಲಣಿಸಿದರು. ಶಾಲೆಗಳು ಮಕ್ಕಳನ್ನು ಅಮಾನತು ಮಾಡುವ ಬದಲು ಹೆತ್ತವರನ್ನು ಕರೆಸಿ ಮಾತನಾಡಿದವು, ಆಪ್ತ ಸಮಾಲೋಚನೆಯ ಸಲಹೆ ನೀಡಿದವು. ನಾಗರಬಾವಿಯ ಒಂದು ಶಾಲೆಯ ಮುಖ್ಯಸ್ಥರು, ಮಕ್ಕಳಿಗೆ ಹೊರಗಿನಿಂದಲೂ ಸಮಾಲೋಚನೆ ಕೊಡಿಸುವಂತೆ ಹೆತ್ತವರಿಗೆ ಹೇಳಿ ಹತ್ತು ದಿನಗಳವರೆಗೆ ರಜೆ ನೀಡಿದ್ದಾಗಿ ತಿಳಿಸಿದರು.

ಇದು ಮೆಚ್ಚಬೇಕಾದ ಹೆಜ್ಜೆ. ಇಪ್ಪತ್ತು ವರ್ಷಗಳ ಹಿಂದೆ ಇಂತಹ ಮಕ್ಕಳಿಗೆ ಬೆತ್ತದ ಏಟು, ಆಮೇಲೆ ಟಿ.ಸಿ. ಖಚಿತವಾಗಿತ್ತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹತ್ತು ದಿನಗಳಲ್ಲಿ ಮನೆಯಲ್ಲಿ ಏನು ನಡೆಯಿತು? ತಂದೆ ಮಗನೊಡನೆ ಕುಳಿತು ಮಾತನಾಡಿದರೇ, ಅಥವಾ ಬೆಲ್ಟು ಬಿಚ್ಚಿದರೇ? ತಾಯಿಯ ನಂಬಿಕೆ ಮುರಿದಿತ್ತಲ್ಲ, ಅದನ್ನು ಮಗ ಮರಳಿ ಗಳಿಸುವುದು ಹೇಗೆಂದು ಯಾರಾದರೂ ಹೇಳಿಕೊಟ್ಟರೇ? ಶಾಲೆ ಬೆತ್ತವನ್ನು ಕೆಳಗಿಟ್ಟರೆ ಸಾಲದು. ಬೆತ್ತದ ಜಾಗದಲ್ಲಿ ಏನನ್ನು ಇಡಬೇಕೆಂಬುದು ಮುಖ್ಯ.

ಬೆತ್ತದಿಂದ ಸಿಕ್ಕಿದ್ದೇನು?

ನಮ್ಮ ಹಿರಿಯರು ಮಗುವನ್ನು ಮಕ್ತಬಿಗೆ ಸೇರಿಸುವಾಗ ಉಸ್ತಾದರಿಗೆ ಹೇಳುತ್ತಿದ್ದ ಮಾತು ನಿಮಗೆ ನೆನಪಿರಬಹುದು: ಮಾಂಸ ನಿಮ್ಮದು, ಎಲುಬು ನಮ್ಮದು. ಅಂದರೆ ಎಷ್ಟು ಬೇಕಾದರೂ ಹೊಡೆಯಿರಿ, ಮೂಳೆ ಮಾತ್ರ ಉಳಿಸಿರಿ. ಉಸ್ತಾದರ ಮೇಲಿನ ಗೌರವದಿಂದ ಹುಟ್ಟಿದ ಮಾತಿದು. ಆದರೆ ಮಗು ಹೆತ್ತವರ ಆಸ್ತಿಯಲ್ಲ, ಹಂಚಿಕೊಡಲು. ಅದು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಅದರ ಮಾಂಸವೂ ಎಲುಬೂ ಅವನದೇ. ಅದರ ಲೆಕ್ಕವನ್ನು ನಾವು ಅವನಿಗೇ ಒಪ್ಪಿಸಬೇಕಾಗಿದೆ.

ಕೇಂದ್ರ ಸರಕಾರವು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 65 ಮಂದಿ, ಅಂದರೆ ಮೂವರಲ್ಲಿ ಇಬ್ಬರು, ಶಾಲೆಯಲ್ಲಿ ಏಟು ತಿಂದುದಾಗಿ ಹೇಳಿದರು. ಏಟಿನಿಂದ ಶಿಸ್ತು ಬರುವುದಾಗಿದ್ದರೆ ನಮ್ಮ ಸಮಾಜ ಇಷ್ಟು ಹೊತ್ತಿಗೆ ಶಿಸ್ತಿನ ಮಾದರಿಯಾಗಬೇಕಿತ್ತಲ್ಲವೇ?

2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೇ ತರಗತಿ, ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕಬಾರದೆಂದೂ ಕಾಯಿದೆ ಹೇಳಿತು. 2012ರ ತಿದ್ದುಪಡಿಯಂತೆ ಮದ್ರಸಗಳು ಮತ್ತು ವೇದ ಪಾಠಶಾಲೆಗಳು ಈ ಕಾಯಿದೆಯ ಹೊರಗುಳಿದವು. 2014ರಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರು ನಡೆಸುವ ಶಾಲೆಗಳಿಗೂ ಇದು ಅನ್ವಯಿಸದೆಂದು ತೀರ್ಪಿತ್ತಿತು. ಆಗ ನಮ್ಮಲ್ಲಿ ಕೆಲವರು ನಿಟ್ಟುಸಿರು ಬಿಟ್ಟರು. ನಮ್ಮ ಸಂಸ್ಥೆಗಳ ಸ್ವಾತಂತ್ರ್ಯ ಉಳಿಯಿತೆಂದು ಸಂತೋಷಪಡುವುದು ಸರಿಯೇ. ಆದರೆ ಆ ಸ್ವಾತಂತ್ರ್ಯ ಮಗುವಿಗೆ ಹೊಡೆಯುವ ಸ್ವಾತಂತ್ರ್ಯವೇ? 2015ರ ಬಾಲನ್ಯಾಯ ಕಾಯಿದೆಯ 75ನೇ ಕಲಮು ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯವೆಸಗುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಅಲ್ಲಿ ಮದ್ರಸ, ಶಾಲೆ ಎಂಬ ಭೇದವಿಲ್ಲ. ಅದೂ ಒತ್ತಟ್ಟಿಗಿರಲಿ. ಸರಕಾರದ ಕಾಯಿದೆ ನಮ್ಮ ಬಾಗಿಲಲ್ಲಿ ನಿಂತಿತೆಂದು ಅಲ್ಲಾಹನ ನೋಟವೂ ಬಾಗಿಲಲ್ಲಿ ನಿಲ್ಲುತ್ತದೆಯೇ?

ತೌಬಾದ ನಾಲ್ಕನೆಯ ಷರತ್ತು

ಪಾಪದಿಂದ ಮರಳುವುದರ ಬಗ್ಗೆ ನಮ್ಮ ವಿದ್ವಾಂಸರು ಕಲಿಸಿದ ಪಾಠವನ್ನು ಒಮ್ಮೆ ಜ್ಞಾಪಿಸಿಕೊಳ್ಳಿರಿ. ಇಮಾಮ್ ನವವಿ(ರ)ಯವರು ರಿಯಾದುಸ್ಸಾಲಿಹೀನ್ ಗ್ರಂಥದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ತಪ್ಪು ದಾಸನ ಮತ್ತು ಅಲ್ಲಾಹನ ನಡುವಿನದಾದರೆ ಮೂರು ಷರತ್ತುಗಳು. ಆ ತಪ್ಪನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡೆನೆಂದು ನಿರ್ಧರಿಸಬೇಕು. ಆದರೆ ಅದರಲ್ಲಿ ಇನ್ನೊಬ್ಬ ಮನುಷ್ಯನ ಹಕ್ಕು ಸೇರಿದ್ದರೆ ನಾಲ್ಕನೆಯದೂ ಉಂಟು. ಆ ಹಕ್ಕನ್ನು ಹಕ್ಕುದಾರನಿಗೆ ಮರಳಿಸಬೇಕು, ಇಲ್ಲವೇ ಅವನಿಂದ ಕ್ಷಮೆ ಪಡೆಯಬೇಕು.

ಈಗ ನಮ್ಮ ಶಾಲೆಗಳ ಶಿಕ್ಷೆಯನ್ನು ಈ ತಕ್ಕಡಿಯಲ್ಲಿಟ್ಟು ತೂಗಿರಿ. ಏಟು ತಿಂದ ಹುಡುಗ ತಪ್ಪನ್ನು ಬಿಟ್ಟನೇ? ಸಿಕ್ಕಿಬೀಳದ ಹಾಗೆ ಮಾಡುವುದನ್ನು ಕಲಿತನು. ಮರುಗಿದನೇ? ಏಟಿನ ನೋವಿಗೆ ಅತ್ತನೇ ಹೊರತು ಇನ್ನೊಬ್ಬನ ನೋವಿಗಲ್ಲ. ಮತ್ತೆ ಮಾಡೆನೆಂದು ನಿರ್ಧರಿಸಿದನೇ? ಮೇಷ್ಟರ ಮೇಲೆ ಹಗೆ ಸಾಧಿಸಲು ನಿರ್ಧರಿಸಿರಬಹುದು. ಇನ್ನು ನಾಲ್ಕನೆಯ ಷರತ್ತನ್ನು ಪೂರೈಸುವ ಅವಕಾಶವನ್ನು ನಾವು ಅವನಿಗೆ ಕೊಡಲೇ ಇಲ್ಲ. ಶಿಕ್ಷೆ ಅನುಭವಿಸಿದೆ, ಲೆಕ್ಕ ಚುಕ್ತಾ ಆಯಿತು ಎಂದು ಅವನು ಭಾವಿಸಿಕೊಂಡನು. ಆದರೆ ನೊಂದ ಮಗುವಿನ ಲೆಕ್ಕ ಹಾಗೆಯೇ ಉಳಿಯಿತು.

ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸಿನಲ್ಲಿ ಪ್ರವಾದಿ(ಸ)ಯವರು ನಿಜವಾದ ದಿವಾಳಿಕೋರ ಯಾರೆಂದು ವಿವರಿಸಿದ್ದಾರೆ. ಅವನು ನಮಾಝ್, ಉಪವಾಸ, ಝಕಾತ್‌ಗಳೊಡನೆ ಪರಲೋಕಕ್ಕೆ ಬರುತ್ತಾನೆ. ಆದರೆ ಒಬ್ಬನನ್ನು ಬೈದಿರುತ್ತಾನೆ, ಒಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಒಬ್ಬನಿಗೆ ಹೊಡೆದಿರುತ್ತಾನೆ. ಅವನ ಸತ್ಕರ್ಮಗಳೆಲ್ಲ ಅವರಿಗೆ ಹಂಚಿಹೋಗುತ್ತವೆ. ಇಲ್ಲಿ ಒಂದು ಅಂಶವನ್ನು ಗಮನಿಸಿರಿ. ಅಂದಿನ ಆ ಮಹಾ ನ್ಯಾಯಾಲಯದಲ್ಲಿ ಕೂಡ ನೊಂದವನನ್ನು ಮರೆತು ತೀರ್ಪಾಗುವುದಿಲ್ಲ. ಅವನಿಗೆ ಸಲ್ಲಬೇಕಾದುದು ಅವನಿಗೆ ಸಲ್ಲುತ್ತದೆ. ಹಾಗಿರುವಾಗ ನಮ್ಮ ಹೆಡ್ಮಾಸ್ತರರ ಕೋಣೆಯಲ್ಲಿ ನೊಂದ ಮಗುವಿಗೆ ಕುಳಿತುಕೊಳ್ಳಲು ಒಂದು ಕುರ್ಚಿಯೂ ಇಲ್ಲದಿರುವುದು ಎಂತಹ ನ್ಯಾಯ?

ಪ್ರವಾದಿ(ಸ)ಯವರ ಬಳಿ ಬಂದ ಮೂವರು

ಮದೀನದಲ್ಲಿ ಒಬ್ಬ ಹುಡುಗ ಅನ್ಸಾರರ ಖರ್ಜೂರದ ಮರಗಳಿಗೆ ಕಲ್ಲೆಸೆಯುತ್ತಿದ್ದ. ಹಿಡಿದು ಪ್ರವಾದಿ(ಸ)ಯವರ ಬಳಿಗೆ ತಂದರು. ಅವರು ಮೊದಲು ಮಾಡಿದ್ದು, ಏಕೆ ಕಲ್ಲೆಸೆಯುತ್ತೀ ಎಂದು ಹುಡುಗನನ್ನೇ ಕೇಳಿದ್ದು. ತಿನ್ನುವುದಕ್ಕೆ ಎಂದು ಅವನು ನಿಜ ಹೇಳಿದ. ಕಲ್ಲೆಸೆಯಬಾರದು, ಕೆಳಗೆ ಬಿದ್ದುದನ್ನು ತಿನ್ನಬಹುದು ಎಂದು ತಿಳಿಸಿದರು. ಬಳಿಕ ಅವನ ತಲೆ ಸವರಿ, ಅವನ ಹೊಟ್ಟೆ ತುಂಬಲಿ ಎಂದು ಪ್ರಾರ್ಥಿಸಿದರು. ಅಬೂದಾವೂದ್‌ನಲ್ಲಿ ಬಂದಿರುವ ಈ ಘಟನೆಯ ಹುಡುಗ ರಾಫಿಅ್ ಬಿನ್ ಅಮ್ರ್(ರ). ತೋಟದವರ ಮರ ಉಳಿಯಿತು. ಹುಡುಗನ ಹಸಿವಿಗೆ ದಾರಿಯಾಯಿತು. ತಪ್ಪನ್ನು ತಪ್ಪೆಂದು ಹೇಳಿದ್ದೂ ಆಯಿತು. ಯಾರ ಹಕ್ಕೂ ಮುರಿಯಲಿಲ್ಲ, ಯಾರ ಮಾನವೂ ಹೋಗಲಿಲ್ಲ.

ಇನ್ನೊಂದು ಘಟನೆ ಅಬ್ಬಾದ್ ಬಿನ್ ಶುರಹ್ಬೀಲ್(ರ) ಅವರದು. ಬರಗಾಲದಲ್ಲಿ ಹಸಿದು ಮದೀನಕ್ಕೆ ಬಂದ ಅವರು ಒಂದು ತೋಟಕ್ಕೆ ನುಗ್ಗಿ ತೆನೆ ತಿಕ್ಕಿ ತಿಂದು, ಒಂದಿಷ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡರು. ತೋಟದವನು ಅವರನ್ನು ಹೊಡೆದು ಬಟ್ಟೆಯನ್ನು ಕಸಿದುಕೊಂಡ. ದೂರು ಪ್ರವಾದಿ(ಸ)ಯವರ ಬಳಿಗೆ ಬಂತು. ಅವರು ತೋಟದವನಿಗೆ ಅವನ ಎರಡು ಲೋಪಗಳನ್ನು ತೋರಿಸಿಕೊಟ್ಟರು. ಈತ ತಿಳಿಯದವನಾಗಿದ್ದಾಗ ತಿಳಿಸಿಕೊಡಲಿಲ್ಲ, ಹಸಿದಿದ್ದಾಗ ಉಣಿಸಲಿಲ್ಲ. ಬಟ್ಟೆಯನ್ನು ಮರಳಿಸುವಂತೆ ಆಜ್ಞಾಪಿಸಿದರು, ಅಬ್ಬಾದ್‌ರಿಗೆ ಧಾನ್ಯವನ್ನೂ ಕೊಡಿಸಿದರು. ತಪ್ಪಿಗೆ ಶಿಕ್ಷೆ ಕೊಟ್ಟೆನೆಂದು ಎದೆಯುಬ್ಬಿಸಿ ಬಂದವನು, ಆ ತಪ್ಪಿನಲ್ಲಿ ತನ್ನ ಪಾಲೂ ಇದೆಯೆಂದು ತಿಳಿದು ಹಿಂದಿರುಗಿದ. ನಮ್ಮ ಶಾಲೆಗಳೂ ಮನೆಗಳೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ. ಮಗು ಕಳ್ಳತನ ಮಾಡಿತು ಸರಿ. ಅದು ಹಸಿದಿದ್ದಾಗ ನಾವೆಲ್ಲಿದ್ದೆವು?

ಮೂರನೆಯವರು ಅಬೂದರ್(ರ). ಒಬ್ಬರನ್ನು ಅವರು ತಾಯಿಯ ಹೆಸರೆತ್ತಿ ಹಂಗಿಸಿದರು. ಪ್ರವಾದಿ(ಸ)ಯವರು, ನಿಮ್ಮಲ್ಲಿ ಅಜ್ಞಾನ ಕಾಲದ ಅಂಶ ಇನ್ನೂ ಉಳಿದಿದೆಯೆಂದು ಗಂಭೀರವಾಗಿ ತಿದ್ದಿದರು. ಕೈಕೆಳಗಿನವರು ಸಹೋದರರು, ತಾನು ಉಣ್ಣುವುದನ್ನೇ ಅವರಿಗೆ ಉಣಿಸಬೇಕು, ಉಡುವುದನ್ನೇ ಉಡಿಸಬೇಕು ಎಂದು ಕಲಿಸಿದರು. ಎಷ್ಟೋ ಕಾಲದ ಬಳಿಕ ಜನರು ಅಬೂದರ್‌ರನ್ನು ಕಂಡಾಗ ಅವರ ಮೈಮೇಲಿದ್ದ ಉಡುಪೂ ಅವರ ಸೇವಕನ ಉಡುಪೂ ಒಂದೇ ಬಗೆಯದಾಗಿತ್ತು. ಕಾರಣ ಕೇಳಿದಾಗ ಅವರು ಹೇಳಿದ್ದು ಇದೇ ಘಟನೆಯನ್ನು. ಬುಖಾರಿಯಲ್ಲಿ ಇದು ವರದಿಯಾಗಿದೆ. ಒಂದು ತಪ್ಪು ಇಡೀ ಜೀವನದ ನಡತೆಯನ್ನೇ ತಿದ್ದಿತು. ಯಾವ ಚಾವಟಿ ಈ ಕೆಲಸ ಮಾಡೀತು?

ಹತ್ತು ವರ್ಷ ಪ್ರವಾದಿ(ಸ)ಯವರ ಮನೆಯಲ್ಲಿ ಸೇವೆ ಮಾಡಿದ ಅನಸ್(ರ), ತಾನು ಬಾಲಕನಾಗಿದ್ದ ಆ ದಿನಗಳಲ್ಲಿ ಒಮ್ಮೆಯೂ ಛೆ ಎನಿಸಿಕೊಳ್ಳಲಿಲ್ಲವೆಂದು ನೆನೆದಿದ್ದಾರೆ.

ಇಲ್ಲಿ ಕೆಲವರು ಒಂದು ಹದೀಸನ್ನು ಮುಂದಿಡುತ್ತಾರೆ. ಹತ್ತು ವರ್ಷದ ಮಗು ನಮಾಝ್ ಮಾಡದಿದ್ದರೆ ದಂಡಿಸಲು ಹೇಳಲಾಗಿಲ್ಲವೇ ಎಂದು ಕೇಳುತ್ತಾರೆ. ಹೌದು, ಹೇಳಲಾಗಿದೆ. ಆದರೆ ಏಳನೇ ವಯಸ್ಸಿನಿಂದ ಮೂರು ವರ್ಷ ಕಾಲ ಪ್ರೀತಿಯಿಂದ ಕಲಿಸಿದ ಮೇಲಿನ ಮಾತದು. ಅದಕ್ಕೂ ವಿದ್ವಾಂಸರು ಬಿಗಿಯಾದ ಮೇರೆಗಳನ್ನು ಹಾಕಿದ್ದಾರೆ. ಮುಖಕ್ಕೆ ಹೊಡೆಯುವಂತಿಲ್ಲ, ಗಾಯವಾಗುವಂತಿಲ್ಲ, ಕೋಪ ತೀರಿಸಿಕೊಳ್ಳಲು ಹೊಡೆಯುವಂತಿಲ್ಲ. ಲೆಕ್ಕ ತಪ್ಪಿದ, ಹೋಂವರ್ಕ್ ಮರೆತ, ಪಕ್ಕದವನೊಡನೆ ಮಾತನಾಡಿದ ಮಗುವಿನ ಬೆನ್ನಿನ ಮೇಲೆ ಬೆತ್ತ ಮುರಿಯಲು ಅದರಲ್ಲಿ ಅನುಮತಿ ಹುಡುಕುವುದು ಹದೀಸಿನೊಂದಿಗೆ ಮಾಡುವ ಅನ್ಯಾಯ. ಆ ಮಾತನ್ನು ಹೇಳಿದವರು ತಾವು ಎಂದೂ ಒಬ್ಬ ಸೇವಕನ ಮೇಲಾಗಲಿ ಮಹಿಳೆಯ ಮೇಲಾಗಲಿ ಕೈಯೆತ್ತಿದವರಲ್ಲವೆಂದು ಆಯಿಶಾ(ರ) ಸಾಕ್ಷ್ಯ ನುಡಿದಿದ್ದಾರೆ. ಹದಿನಾಲ್ಕನೇ ಶತಮಾನದ ಇಬ್ನು ಖಲ್ದೂನ್ ತಮ್ಮ ಮುಕದ್ದಿಮಾದಲ್ಲಿ ಈ ವಿಷಯಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಕಾಠಿಣ್ಯದಲ್ಲಿ ಬೆಳೆದ ಮಗು ಉತ್ಸಾಹ ಕಳೆದುಕೊಳ್ಳುತ್ತದೆ, ಏಟಿನ ಭಯದಿಂದ ಸುಳ್ಳು ಮತ್ತು ಕಪಟವನ್ನು ಕಲಿಯುತ್ತದೆ, ಕೊನೆಗೆ ಅದೇ ಅದರ ಸ್ವಭಾವವಾಗುತ್ತದೆ ಎಂಬುದು ಅವರ ವಾದದ ಸಾರ.

ಕೂಡಿ ಕುಳಿತು ಸರಿಪಡಿಸುವುದು

ಇಂದು ಜಗತ್ತಿನ ಹಲವೆಡೆ ಶಿಕ್ಷಣತಜ್ಞರು ಮತ್ತು ನ್ಯಾಯಶಾಸ್ತ್ರಜ್ಞರು ಒಂದು ಕ್ರಮವನ್ನು ಪ್ರಯೋಗಿಸುತ್ತಿದ್ದಾರೆ. ಅದನ್ನು ಪುನಃಸ್ಥಾಪಕ ನ್ಯಾಯ ಎನ್ನುತ್ತಾರೆ. ಸರಳವಾಗಿ ಹೇಳುವುದಾದರೆ ಮುರಿದುದನ್ನು ಕೂಡಿಸುವ ನ್ಯಾಯ. 1974ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಇಬ್ಬರು ಯುವಕರು ಕುಡಿದ ಮತ್ತಿನಲ್ಲಿ 22 ಕಡೆ ಜನರ ಆಸ್ತಿಗೆ ಹಾನಿ ಮಾಡಿದರು. ಅಧಿಕಾರಿಯೊಬ್ಬರ ಸಲಹೆಯಂತೆ ಅವರು ನಷ್ಟಹೊಂದಿದವರ ಮನೆ ಮನೆಗೆ ಹೋಗಿ ಮುಖ ಕೊಟ್ಟು ಮಾತನಾಡಿ, ನಷ್ಟ ತುಂಬಿಕೊಟ್ಟರು. 1989ರಲ್ಲಿ ನ್ಯೂಝಿಲೆಂಡ್ ತನ್ನ ಮೂಲನಿವಾಸಿ ಮಾವೋರಿಗಳ ಪದ್ಧತಿಯಿಂದ ಪ್ರೇರಣೆ ಪಡೆದು, ತಪ್ಪಿದ ಮಕ್ಕಳ ವಿಷಯದಲ್ಲಿ ಎರಡೂ ಕಡೆಯವರನ್ನು ಕೂಡಿಸುವ ಕುಟುಂಬ ಸಭೆಗಳನ್ನು ಕಾನೂನಿನಲ್ಲೇ ಸೇರಿಸಿತು. 1994ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಒಂದು ಶಾಲೆಯಲ್ಲಿ ಹೊಡೆದಾಟದ ಪ್ರಕರಣವೊಂದನ್ನು ಇಂತಹ ಸಭೆಯ ಮೂಲಕ ಬಗೆಹರಿಸಲಾಯಿತು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ತಪ್ಪಿದ ಮಗುವಿಗೆ ಬುದ್ಧಿವಾದ, ಸಮಾಲೋಚನೆ, ಸಮಾಜಸೇವೆಗಳಂತಹ ದಾರಿಗಳನ್ನು ತೆರೆದಿಟ್ಟಿದೆ. ಬೆಂಗಳೂರಿನಲ್ಲೇ ಎನ್‌ಫೋಲ್ಡ್ ಎಂಬ ಸಂಸ್ಥೆ ಮಕ್ಕಳೊಂದಿಗೆ ಈ ಕ್ರಮದಲ್ಲಿ ಕೆಲಸ ಮಾಡಿದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಮಕ್ಕಳು ಮತ್ತು ಕಾನೂನಿನ ಬಗೆಗಿನ ಕೇಂದ್ರವು ವರ್ಷಗಟ್ಟಲೆ ಬಾಲನ್ಯಾಯದ ವಿಷಯದಲ್ಲಿ ದುಡಿದಿದೆ. ಅಂದರೆ ಈ ಮಾತು ದೂರದ ದೇಶದ್ದಲ್ಲ, ನಮ್ಮ ಪಕ್ಕದ ಬಡಾವಣೆಯದ್ದು.

ಇದು ಹೇಗೆ ನಡೆಯುತ್ತದೆಂದು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂಭತ್ತನೇ ತರಗತಿಯ ಒಬ್ಬ ಹುಡುಗ ಇನ್ನೊಬ್ಬನಿಗೆ ಹೊಡೆದು ಅವನ ಕನ್ನಡಕ ಒಡೆದನು. ಹಳೆಯ ಕ್ರಮದಲ್ಲಿ ಹೊಡೆದವನಿಗೆ ಒಂದು ವಾರ ಅಮಾನತು. ಹೊಸ ಕ್ರಮದಲ್ಲಿ, ಇಬ್ಬರಿಗೂ ನಂಬಿಕೆಯಿರುವ ಒಬ್ಬ ಶಿಕ್ಷಕರು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತನಾಡಿಸುತ್ತಾರೆ. ಏನಾಯಿತು? ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು? ಇದರಿಂದ ಯಾರಿಗೆಲ್ಲ ನೋವಾಯಿತು? ಸರಿಪಡಿಸಲು ಏನು ಮಾಡಬೇಕು? ಆಗ ಹೊರಬರುತ್ತದೆ ಅಸಲು ಸಂಗತಿ. ಪೆಟ್ಟು ತಿಂದವನು ಹಲವು ದಿನಗಳಿಂದ ಇವನ ತಂದೆಯ ಪಂಕ್ಚರ್ ಅಂಗಡಿಯ ಹೆಸರೆತ್ತಿ ತರಗತಿಯ ಮುಂದೆ ಅಣಕಿಸುತ್ತಿದ್ದನು. ಹಳೆಯ ಕ್ರಮದಲ್ಲಿ ಈ ಮಾತು ಎಂದೂ ಹೊರಬರುತ್ತಿರಲಿಲ್ಲ. ಏಕೆಂದರೆ ಯಾರೂ ಕೇಳುತ್ತಿರಲಿಲ್ಲ.

ಇಬ್ಬರೂ ಒಪ್ಪಿದ ಮೇಲೆ, ಎರಡೂ ಮನೆಯವರನ್ನು ಕರೆದು ಒಟ್ಟಿಗೆ ಕೂರಿಸುತ್ತಾರೆ. ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತಾರೆ. ಕನ್ನಡಕ ಒಡೆದ ದಿನ ಮಗ ಮನೆಗೆ ಬಂದು ಹೇಗೆ ಅತ್ತನೆಂದು ತಾಯಿ ಹೇಳುತ್ತಾರೆ. ತನ್ನ ಕಸುಬಿನ ಬಗ್ಗೆ ಮಗ ನಾಚಿಕೊಂಡಿದ್ದು ತನಗೆ ಇಂದೇ ತಿಳಿಯಿತೆಂದು ಇನ್ನೊಂದು ಕಡೆಯ ತಂದೆ ಹೇಳುತ್ತಾರೆ. ಮಕ್ಕಳಿಬ್ಬರೂ ತಲೆ ತಗ್ಗಿಸುತ್ತಾರೆ. ಇದು ಬೆತ್ತಕ್ಕಿಂತ ಕಠಿಣವಾದ ಗಳಿಗೆ. ಆದರೆ ಇಲ್ಲಿ ಅವಮಾನವಿಲ್ಲ, ಅರಿವು ಇದೆ. ಕೊನೆಗೆ ಒಂದು ಒಪ್ಪಂದ. ಹೊಡೆದವನು ತಾನು ಕೂಡಿಟ್ಟ ಈದಿಯ ಹಣವನ್ನು ಕನ್ನಡಕಕ್ಕಾಗಿ ಕೊಡುತ್ತಾನೆ, ಕಡಿಮೆಬಿದ್ದುದನ್ನು ತಂದೆ ಸೇರಿಸುತ್ತಾರೆ. ಅಣಕಿಸಿದವನು ಆ ತಂದೆಯ ಮುಂದೆ ಕ್ಷಮೆ ಕೇಳುತ್ತಾನೆ, ತರಗತಿಯ ಮುಂದೆ ಆಡಿದ ಮಾತನ್ನು ತರಗತಿಯ ಮುಂದೆಯೇ ಹಿಂದೆಗೆದುಕೊಳ್ಳುತ್ತಾನೆ. ಇದನ್ನು ಬರೆದಿಟ್ಟು, ಒಂದು ತಿಂಗಳ ಬಳಿಕ ಶಿಕ್ಷಕರು ಮತ್ತೆ ವಿಚಾರಿಸುತ್ತಾರೆ. ಸಹೋದರರೇ, ಇದು ಸುಲ್ಹ್ ಅಲ್ಲದೆ ಇನ್ನೇನು? ವಿಶ್ವಾಸಿಗಳು ಪರಸ್ಪರ ಸಹೋದರರು, ಅವರ ನಡುವೆ ರಾಜಿ ಮಾಡಿಸಬೇಕೆಂದು ಸೂರಃ ಅಲ್‌ಹುಜುರಾತ್ ನಮಗೆ ಆಜ್ಞಾಪಿಸಿಲ್ಲವೇ? ಕೆಡುಕಿಗೆ ಸಮಾನವಾದ ಪ್ರತಿಫಲ ನ್ಯಾಯವೇ ಆದರೂ, ಕ್ಷಮಿಸಿ ಸಂಬಂಧ ಸರಿಪಡಿಸುವವನ ಪ್ರತಿಫಲ ಅಲ್ಲಾಹನ ಬಳಿ ಇದೆಯೆಂದು ಸೂರಃ ಅಶ್ಶೂರಾ ಕಲಿಸಿಲ್ಲವೇ?

ಎಚ್ಚರಿಕೆ ಬೇಕಾದಲ್ಲಿ

ಆದರೆ ಒಳ್ಳೆಯ ಮಾತನ್ನು ಕೆಟ್ಟ ಕೆಲಸಕ್ಕೆ ಬಳಸುವವರೂ ಇದ್ದಾರೆ. ಆದುದರಿಂದ ಕೆಲವು ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ನೊಂದ ಮಗುವಿನಿಂದ ಬಲವಂತವಾಗಿ ಕ್ಷಮೆ ಕಸಿಯಬಾರದು. ಕೈ ಕುಲುಕು, ಮುಗಿಯಿತು ಎಂದು ಗದರಿಸಿ ಮಾಡಿಸಿದ್ದು ರಾಜಿಯಲ್ಲ, ಎರಡನೆಯ ಅನ್ಯಾಯ. ಕ್ಷಮಿಸುವುದು ಪುಣ್ಯದ ಕೆಲಸ, ಆದರೆ ಅದು ಹಕ್ಕುದಾರನ ಇಚ್ಛೆ. ಒಬ್ಬನೇ ಒಬ್ಬನು ಹಲವರ ಕೈಯಲ್ಲಿ ದಿನವೂ ಹಿಂಸೆ ಅನುಭವಿಸುತ್ತಿದ್ದರೆ, ಮೊದಲು ಅವನಿಗೆ ರಕ್ಷಣೆ ಬೇಕು. ಮಾತುಕತೆ ಆಮೇಲೆ.

ಎರಡನೆಯದಾಗಿ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಅಲ್ಲಿ ಸುಲ್ಹ್‌ಗೆ ಜಾಗವಿಲ್ಲ. ಮನೆತನದ ಮಾನ, ಮದ್ರಸದ ಹೆಸರು, ಜಮಾಅತಿನ ಗೌರವ ಎಂದು ಕಮಿಟಿಯವರು ಮುಚ್ಚಿದ ಬಾಗಿಲ ಹಿಂದೆ ರಾಜಿ ಮಾಡಿಸುವುದು ಅಪರಾಧವೂ ಹೌದು, ಪಾಪವೂ ಹೌದು. 2012ರ ಪೋಕ್ಸೊ ಕಾಯಿದೆಯಂತೆ ಇಂತಹ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ನಿಷಿದ್ಧವನ್ನು ಸಮ್ಮತಗೊಳಿಸುವ ರಾಜಿ ರಾಜಿಯೇ ಅಲ್ಲವೆಂಬುದು ನಮ್ಮ ಶರೀಅತ್ತಿನ ನಿಯಮ.

ಮೂರನೆಯದಾಗಿ, ಇದೊಂದು ಮಂತ್ರದಂಡವೆಂದು ಭಾವಿಸಬೇಡಿರಿ. ಅಮೆರಿಕದ ಪಿಟ್ಸ್‌ಬರ್ಗ್ ನಗರದ 44 ಶಾಲೆಗಳಲ್ಲಿ ಈ ಕ್ರಮವನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಈ ಕ್ರಮವನ್ನು ಅಳವಡಿಸಿದ ಶಾಲೆಗಳಲ್ಲಿ ಅಮಾನತು ಕಡಿಮೆಯಾಗಿತ್ತು, ಶಾಲೆಯ ವಾತಾವರಣ ಸುಧಾರಿಸಿದೆಯೆಂದು ಶಿಕ್ಷಕರು ಹೇಳಿದರು. ಆದರೆ ಆರರಿಂದ ಎಂಟನೇ ತರಗತಿಯ ಮಕ್ಕಳ ಕಲಿಕೆ ಉತ್ತಮಗೊಳ್ಳಲಿಲ್ಲ, ಬದಲಿಗೆ ಕುಸಿದಿತ್ತು. ಹೆಸರು ಬದಲಿಸಿದ ಮಾತ್ರಕ್ಕೆ ಶಾಲೆ ಬದಲಾಗದು. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬರೇ ಶಿಕ್ಷಕರಿದ್ದರೆ ಅವರಿಗೆ ಕುಳಿತು ಕೇಳಲು ಸಮಯವೆಲ್ಲಿ? ತರಬೇತಿ ಬೇಕು, ತಾಳ್ಮೆ ಬೇಕು, ಆಡಳಿತ ಮಂಡಳಿಯ ಬೆಂಬಲ ಬೇಕು. ಬೆತ್ತವನ್ನು ಕಸಿದುಕೊಂಡು ಶಿಕ್ಷಕರನ್ನು ಒಂಟಿಯಾಗಿ ಬಿಟ್ಟರೆ ಅದೂ ಅನ್ಯಾಯವೇ.

ನಾವು ಮಾಡಬೇಕಾದುದು

ತಂದೆಯರೇ, ಶಾಲೆಯಿಂದ ಕರೆ ಬಂದಾಗ ಹೆಡ್ಮಾಸ್ತರರ ಎದುರಲ್ಲೇ ಮಗನ ಕೆನ್ನೆಗೆ ಬಾರಿಸಿ ನಿಮ್ಮ ಮರ್ಯಾದೆ ಉಳಿಸಿಕೊಳ್ಳಲು ನೋಡಬೇಡಿರಿ. ಆ ಏಟು ಮಗನನ್ನು ತಿದ್ದಲು ಬಿದ್ದದ್ದಲ್ಲ, ನಿಮ್ಮ ನಾಚಿಕೆಯನ್ನು ಮುಚ್ಚಲು ಬಿದ್ದದ್ದು. ಮಗನಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಅದರ ಬದಲು, ನನ್ನ ಮಗ ಯಾರಿಗೆ ನೋವು ಮಾಡಿದ್ದಾನೆ, ಆ ಮನೆಯವರನ್ನು ನಾವು ಕಾಣಬಹುದೇ ಎಂದು ಕೇಳಿರಿ. ನನ್ನ ಮಗ ಅಂಥವನಲ್ಲ ಎಂದು ಕಣ್ಣುಮುಚ್ಚಿ ವಾದಿಸುವುದೂ ಬೇಡ. ಎರಡೂ ಮಗುವಿನಿಂದ ತೌಬಾದ ಅವಕಾಶವನ್ನು ಕಸಿಯುತ್ತವೆ.

ತಾಯಂದಿರೇ, ಈ ಪಾಠ ಆರಂಭವಾಗುವುದು ನಿಮ್ಮ ಅಡುಗೆಮನೆಯಲ್ಲಿ. ಅಣ್ಣ ತಂಗಿಯ ಆಟಿಕೆ ಮುರಿದರೆ ಅಣ್ಣನಿಗೆ ಎರಡು ಏಟು ಕೊಟ್ಟು ತಂಗಿಯನ್ನು ಅಳಲು ಬಿಡಬೇಡಿರಿ. ತಂಗಿಗೆ ಏನಾಯಿತೆಂದು ಅವನೇ ಕೇಳಲಿ, ಅವನೇ ಅಂಟಿಸಿಕೊಡಲಿ, ಇಲ್ಲವೇ ತನ್ನದನ್ನು ಕೊಡಲಿ.

ಉಸ್ತಾದರೇ, ಶಿಕ್ಷಕರೇ, ನಿಮ್ಮ ಸ್ಥಾನ ದೊಡ್ಡದು. ತಿಂಗಳಿಗೊಮ್ಮೆ ಮಕ್ಕಳನ್ನು ವೃತ್ತವಾಗಿ ಕೂರಿಸಿ, ಯಾರಿಗೆ ಯಾರಿಂದ ನೋವಾಗಿದೆಯೆಂದು ಹೇಳಲು ಅವಕಾಶ ಕೊಡಿರಿ. ಸಣ್ಣ ನೋವುಗಳು ಅಂದೇ ಹೊರಬಂದರೆ ದೊಡ್ಡ ಜಗಳ ಹುಟ್ಟದು. ಶಾಲಾ ಆಡಳಿತ ಮಂಡಳಿಯ ಸಹೋದರರೇ, ಟಿ.ಸಿ.ಗೆ ಸಹಿ ಹಾಕುವ ಮುನ್ನ ಆ ಮಗು ನಾಳೆ ಬೆಳಗ್ಗೆ ಎಲ್ಲಿರುತ್ತದೆಂದು ಒಮ್ಮೆ ಯೋಚಿಸಿರಿ. ಹೊರಹಾಕುವುದರಿಂದ ಶಾಲೆ ಶುದ್ಧವಾಗುವುದಿಲ್ಲ. ಸಮಸ್ಯೆ ಶಾಲೆಯ ಗೇಟಿನಿಂದ ಮೊಹಲ್ಲಾದ ಮೂಲೆಗೆ ಸ್ಥಳ ಬದಲಾಯಿಸುತ್ತದೆ, ಅಷ್ಟೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ನಾಡಿನ ಗಾದೆ. ನಿಜ. ಆದರೆ ಗಿಡವನ್ನು ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ. ಮಾಲಿಗೆ ಈ ವ್ಯತ್ಯಾಸ ತಿಳಿದಿರುತ್ತದೆ. ಮಕ್ಕಳ ಮಾಲಿಗಳಾದ ನಮಗೂ ತಿಳಿದಿರಬೇಕು. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ನಾವೆಲ್ಲರೂ ಕ್ಷಮೆಯನ್ನು ಬೇಡುವವರೇ. ನಮ್ಮ ತಪ್ಪುಗಳಿಗೆ ಬಾಗಿಲು ತೆರೆದಿರಲೆಂದು ಹಂಬಲಿಸುವ ನಾವು ಒಂದು ಪುಟ್ಟ ಮಗುವಿನ ಮುಂದೆ ಬಾಗಿಲನ್ನು ಮುಚ್ಚುವುದು ಸರಿಯೇ?

ತಪ್ಪಿದವರಿಗೆ ಮರಳುವ ದಾರಿಯನ್ನೂ ನೊಂದವರಿಗೆ ಅವರ ಹಕ್ಕನ್ನೂ ದೊರಕಿಸಿಕೊಡುವ ವಿವೇಕವನ್ನು ಅಲ್ಲಾಹನು ನಮ್ಮ ಮನೆಗಳಿಗೂ ಶಾಲೆಗಳಿಗೂ ಕರುಣಿಸಲಿ. ಆಮೀನ್.